ನಾನು ನಿಲ್ಲಿಸಿಬಿಟ್ಟ ಮಗ್ಗ

ಕಳೆದ ಗುರುವಾರ ಬೆಳಿಗ್ಗೆ ನಾನು ಹಾಸು ದಾಟಿದೆ.

ಅದರಲ್ಲೇನು ಮಹಾ ಎಂದು ನಿಮ್ಮಲ್ಲಿ ಹಲವರು ಕೇಳಬಹುದು. ನೇಕಾರರ ಬೀದಿಯಲ್ಲಿ ಹುಟ್ಟದವರು ಕೇಳಬೇಕಾದ ಪ್ರಶ್ನೆಯೇ ಅದು. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೂಲು. ಏರಿಸುವ ಮೊದಲು ಅದನ್ನು ಬೀದಿಯಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಬಿಸಿಲು ಚುರುಕಾಗುವಷ್ಟರಲ್ಲಿ ತೆಳುಗಂಜಿ ಹಚ್ಚಿ, ಅಂಟಿಕೊಂಡ ಎಳೆಗಳನ್ನು ಬಿಡಿಸಬೇಕು. ಒಂದು ಮನೆಯ ಮುಂದೆ ಹಿಡಿಸುವ ವಸ್ತುವಲ್ಲ ಅದು. ಈ ತುದಿಯ ಕಲ್ಲುಗೂಟದಿಂದ ಆ ತುದಿಯ ಕಲ್ಲುಗೂಟದವರೆಗೆ ಅರ್ಧ ಬೀದಿಯನ್ನೇ ಕೇಳುತ್ತದೆ. ಆ ಹೊತ್ತಿಗೆ ಗಾಡಿ ಈ ಕಡೆ ತಿರುಗುವುದಿಲ್ಲ. ದನ ಕಟ್ಟಿದಲ್ಲೇ ಇರುತ್ತದೆ. ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಬರಬೇಕಾದವರು ಹಾಸಿನ ಕೆಳಗೆ ಬಗ್ಗಿ ಬರುತ್ತಾರೆ. ದಾಟಿ ಬರುವುದಿಲ್ಲ.

ಯಾರೂ ದಾಟುವುದಿಲ್ಲ. ಹಿಂದೊಮ್ಮೆ ತಹಸೀಲ್ದಾರರೊಬ್ಬರು ಪೇಟವನ್ನು ಕೈಯಲ್ಲಿ ಹಿಡಿದು ಬಗ್ಗಿ ಬಂದದ್ದನ್ನು ನಮ್ಮಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. (ಪ್ರತಿ ಸಲ ಹೇಳುವಾಗಲೂ ಪೇಟ ಸ್ವಲ್ಪ ದೊಡ್ಡದಾಗುತ್ತಿತ್ತು.) ನಮಗೆ ಅಕ್ಷರ ಬರುವ ಮೊದಲು ಈ ಬಗ್ಗುವುದು ಬಂದಿತ್ತು. ಕಲಿಸಿದವಳೂ ಅವಳೇ. ತಲೆಯ ಮೇಲೆ ಮೆತ್ತಗೆ ಒತ್ತಿ, “ಬಗ್ಗ್ಲಾ ಮಗ, ಇನ್ನೂ ಬಗ್ಗು” ಅನ್ನುವಳು. ಅಷ್ಟೇ ಪಾಠ.

ಅಂಥವಳ ಮೊಮ್ಮಗ ನಾನು, ಗುರುವಾರ ಹಾಲು ತರಲು ಚೊಂಬು ಹಿಡಿದು ಹೊರಬಿದ್ದವನು, ಪಂಚೆಯ ತುದಿ ಎತ್ತಿ, ನಮ್ಮ ಜಗುಲಿಯ ಮುಂದೆ ಗೂಟದ ಹತ್ತಿರ ಹಾಸು ಮೊಣಕಾಲೆತ್ತರಕ್ಕೆ ಇಳಿದಿರುವ ಜಾಗದಲ್ಲಿ ಆರಾಮವಾಗಿ ದಾಟಿದೆ. ಚರಂಡಿ ದಾಟಿದ ಹಾಗೆ.

ನನ್ನ ಹಿಂದೆಯೇ ನಮ್ಮ ಮನೆಯ ರೂಮಿನಲ್ಲಿ ಬಾಡಿಗೆಗಿರುವ ಮಾದೇಶ ಬಂದ. ಬಂಡಳ್ಳಿಯ ರಾಗಿ ಬೆಳೆಯುವವರ ಮಗ. ಹೈಸ್ಕೂಲಿನ ಕೊನೆಯ ತರಗತಿ. ಕೈಯಲ್ಲಿ ತುಂಬಿದ ಬಿಂದಿಗೆ. ಅವನು ಹಾಸು ಎತ್ತರವಿರುವ ಕಡೆಗೆ ಸರಿದು, ಬಿಂದಿಗೆಯನ್ನು ಹೊಟ್ಟೆಗೊತ್ತಿಕೊಂಡು ಬಗ್ಗಿ, ಒಂದು ತೊಟ್ಟು ನೀರು ಚೆಲ್ಲದೆ ಆಚೆ ಎದ್ದ.

ಪಕ್ಕದ ಮನೆಯ ದೊಡ್ಡತಾಯಕ್ಕ ಗಂಜಿಯ ಕುಂಚ ಹಿಡಿದು ನಿಂತಿದ್ದಳು. ಹಾಸು ಅವಳ ಮನೆಯದೇ. ಅವಳು ನನ್ನನ್ನು ನೋಡಿದಳು. ಮಾದೇಶನನ್ನು ನೋಡಿದಳು. ಏನೂ ಅನ್ನಲಿಲ್ಲ. ಕುಂಚವನ್ನು ಗಂಜಿಗೆ ಅದ್ದಿದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದೊಡ್ಡತಾಯಕ್ಕನ ಬೈಗುಳ ಈ ಬೀದಿಯಲ್ಲಿ ಎಲ್ಲರಿಗೂ ಸಂದಿದೆ. ಅದು ಸಲುಗೆಯ ಗುರುತು. ನನ್ನನ್ನು ಬೈಯದೆ ಬಿಟ್ಟದ್ದು ಅದೇ ಮೊದಲು.

ಯಾಕೆ ಬಿಟ್ಟಳು? ಅದನ್ನೇ ಹೇಳಲು ಕೂತಿದ್ದೇನೆ. ಹೇಳುವುದು ಸುಲಭವಿಲ್ಲ. ಸ್ವಲ್ಪ ಸುತ್ತಿ ಬಳಸಿ ಬಂದರೆ ಕ್ಷಮಿಸಬೇಕು.

ನಮ್ಮ ಬೀದಿ ಹೈಸ್ಕೂಲಿಗೆ ಕೂಗಳತೆ. ಹನೂರು, ಕೌದಳ್ಳಿ, ಬಂಡಳ್ಳಿಯ ಕಡೆಯ ಹುಡುಗರಿಗೆ ಓದಬೇಕೆಂದರೆ ಕೊಳ್ಳೇಗಾಲವೇ ಗತಿ. ಪಾಲಾರ್ ಕಡೆಯಿಂದಲೂ ಒಬ್ಬಿಬ್ಬರು ಬರುತ್ತಾರೆ. ಅವರು ನಿದ್ದೆಯಲ್ಲಿ ಕನವರಿಸುವುದು ತಮಿಳಿನಲ್ಲಿ, ಲೆಕ್ಕ ಮಾಡುವುದು ಇಂಗ್ಲಿಷಿನಲ್ಲಿ, ಹಸಿವಾದಾಗ ಮಾತ್ರ ಅಚ್ಚ ಕನ್ನಡ. ಮೊದಮೊದಲು ಬಂದ ಹುಡುಗರು ಛತ್ರದಲ್ಲಿ, ಪರಿಚಯದವರ ಜಗುಲಿಯಲ್ಲಿ ಮಲಗುತ್ತಿದ್ದರು. ಆಮೇಲೆ ಯಾರಿಗೋ ಹೊಳೆಯಿತು: ನಮ್ಮ ಮುಂದಿನ ಪಡಸಾಲೆ ಸುಮ್ಮನೆ ಬಿದ್ದಿದೆಯಲ್ಲ?

ಸುಮ್ಮನೆ ಬಿದ್ದಿತ್ತು, ನಿಜ. ರೇಷ್ಮೆ ಕೈಗೆಟುಕದ ಯುದ್ಧದ ವರ್ಷಗಳಲ್ಲಿ ಮಗ್ಗಗಳು ಒಂದೊಂದಾಗಿ ಕೂತಿದ್ದವು. ನಮ್ಮ ಕಡೆಯದು ಗುಂಡಿಮಗ್ಗ. ನೇಯುವವನು ಕಾಲು ಇಳಿಬಿಟ್ಟು ಕೂರಲು ನೆಲದಲ್ಲೇ ಒಂದು ಗುಂಡಿ. ಗುಂಡಿಗೆ ಇಟ್ಟಿಗೆಚೂರು, ಮಣ್ಣು ತುಂಬಿಸಿ, ಮೇಲೆ ಗಾರೆ ಬಳಿದು, ಒಂದು ಚಾಪೆ ಹಾಸಿದರೆ ಆಯಿತು. ರೂಮು! ಕೂತ ಮಗ್ಗ ಏನು ಕೊಡುತ್ತದೆ? ಮಲಗಿದ ಹುಡುಗ ತಿಂಗಳಿಗೊಮ್ಮೆ ಬಾಡಿಗೆ ಕೊಡುತ್ತಾನೆ.

ಒಬ್ಬರು ಮಾಡಿದರು. ಎದುರಿನವರು ಮಾಡಿದರು. ಇನ್ನೊಬ್ಬರು ಪಡಸಾಲೆಯ ನಡುವೆ ಗೋಡೆ ಎಬ್ಬಿಸಿ ಒಂದನ್ನು ಎರಡು ಮಾಡಿದರು. ಈಗ ನೋಡಿ. ಬೀದಿಯ ತುಂಬ “ರೂಮು ಖಾಲಿ ಇದೆ” ಬೋರ್ಡು. (ಬರೆದಿರುವುದು ಮಗ್ಗದ ಹಲಗೆಯ ಮೇಲೆ. ಒಳ್ಳೆಯ ಮರ, ಬಣ್ಣ ಚೆನ್ನಾಗಿ ಹಿಡಿಯುತ್ತದೆ.) ಮೂಲೆಯಲ್ಲಿ ಹೋಟೆಲು ಬಂತು. ಹೋಟೆಲಿನ ಪಕ್ಕ ಬಾಡಿಗೆ ಸೈಕಲ್ಲು ಬಂತು. ಸೈಕಲ್ಲಿನ ಎದುರು, ಆಳೆತ್ತರದ ಕನ್ನಡಿಯಿಟ್ಟ ಕ್ಷೌರದಂಗಡಿ ಬಂತು. ಸಂಜೆ ಜಗುಲಿಯಲ್ಲಿ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದ ಹೆಣ್ಣುಮಕ್ಕಳು ರಾಟೆ ಎತ್ತಿಕೊಂಡು ಒಳಗೆ ಹೋದರು. ಎಲ್ಲೆಂದರಲ್ಲಿ ಹುಡುಗರು ಕೂತಿರುವಾಗ ಅವರು ಎಲ್ಲಿ ಕೂರಬೇಕು? ಯಾರೂ ಅವರನ್ನು ಹೋಗಿ ಎನ್ನಲಿಲ್ಲ. ಯಾರೂ ಇರಿ ಎಂದೂ ಅನ್ನಲಿಲ್ಲ.

ಹುಡುಗರದ್ದು ತಪ್ಪೇ? ಖಂಡಿತ ಅಲ್ಲ. ಸೋಮವಾರ ಹೆಗಲ ಮೇಲೆ ರಾಗಿಹಿಟ್ಟಿನ ಗಂಟು ಹೊತ್ತು ಬರುತ್ತಾರೆ. ಮೂರು ಕಲ್ಲು ಹೂಡಿ, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಮುದ್ದೆ ಕೂಡಿಸುತ್ತಾರೆ. ಅವರ ಮುದ್ದೆ ಸೋಮವಾರ ಗಂಟಾಗಿರುತ್ತದೆ, ಶುಕ್ರವಾರಕ್ಕೆ ಅಂಬಲಿಯಾಗಿರುತ್ತದೆ, ಹದಕ್ಕೆ ಬರುವಷ್ಟರಲ್ಲಿ ಶನಿವಾರ ಊರಿಗೆ ಹೋಗುವ ಬಸ್ಸು ಬಂದಿರುತ್ತದೆ. ನಮ್ಮ ಪಡಸಾಲೆಯಲ್ಲೂ ಅಂಥ ಮೂವರಿದ್ದಾರೆ. ಮಾದೇಶ ಅವರಲ್ಲಿ ಹಿರಿಯ. ಬಾಯಿ ಜೋರು. ಮನಸ್ಸು ಚೊಕ್ಕ.

ಹೋದ ತಿಂಗಳು ಇದೇ ಅಂಕಣದಲ್ಲಿ ಈ ಬೀದಿಯ ಬಗ್ಗೆ ಬರೆದಿದ್ದೆನಲ್ಲ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚೆನ್ನಾಗಿದೆ ಎಂದು ಕಾಗದ ಬರೆದವರೂ ಉಂಟು. ನಮ್ಮ ಕಛೇರಿಯ ಹೆಡ್ ಗುಮಾಸ್ತರು ಅದನ್ನು ನಾಲ್ಕು ಜನರ ಮುಂದೆ ಓದಿ, “ಏನ್ರೀ, ಕಛೇರಿ ಡ್ರಾಫ್ಟನ್ನೂ ಹಿಂಗೇ ಬರೆಯಬಾರದಾ?” ಎಂದಿದ್ದರು. ಎರಡು ದಿನ ನಾನು ಹೊಸ ಮದುವಣಿಗನ ಹಾಗೆ ಓಡಾಡಿದ್ದೆ.

ಅದರಲ್ಲಿ ಒಂದು ಸಾಲಿತ್ತು. ನನಗೆ ಬಹಳ ಇಷ್ಟವಾದ ಸಾಲು. ಮತ್ತೊಮ್ಮೆ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಲೇಬೇಕು:

“ಒಂದೊಂದಾಗಿ ನಿಂತ ಮಗ್ಗಗಳಲ್ಲಿ ಕೊನೆಯದೂ ಈಗ ನಿಂತಿದೆ, ಲಾಳಿಯ ಸದ್ದು ಅಡಗಿದ ಬೀದಿಯಲ್ಲಿ ಪಾಠದ ಸದ್ದು ಎದ್ದಿದೆ.”

ಕೇಳಲು ಚೆನ್ನಾಗಿದೆ, ಅಲ್ಲವೇ? ಅಡಗಿದೆ, ಎದ್ದಿದೆ. ತಕ್ಕಡಿಯ ಎರಡು ತಟ್ಟೆ. ತೊಂದರೆ ಒಂದೇ. ಅದು ಸುಳ್ಳು.

ಕೊನೆಯ ಮಗ್ಗ ನಿಂತಿಲ್ಲ. ಅದು ನಮ್ಮ ಪಕ್ಕದ ಮನೆಯಲ್ಲೇ ಇದೆ. ದೊಡ್ಡತಾಯಕ್ಕನ ಗಂಡ ಸಿದ್ದಪ್ಪಣ್ಣ ಅದರಲ್ಲಿ ಇಂದಿಗೂ ರೇಷ್ಮೆ ಸೀರೆ ನೇಯುತ್ತಾನೆ. ಅವರ ಮನೆಗೂ ನಮಗೂ ಒಂದೇ ಗೋಡೆ. ನಾನು ಬರೆಯುವ ಮೇಜು ಆ ಗೋಡೆಗೇ ಒರಗಿದೆ. ಅವನು ಲಾಳಿ ಎಸೆದು ಹಲಗೆ ಎಳೆದರೆ ನನ್ನ ಮಸಿಕುಡಿಕೆಯ ಮುಚ್ಚಳ ಟಿಣ್ ಎನ್ನುತ್ತದೆ. ಆ ಸಾಲನ್ನು ಬರೆಯುವಾಗಲೂ ಎಂದಿರಬೇಕು. ನನಗೆ ಕೇಳಿಸಲಿಲ್ಲ. ದಿನಾ ಕೇಳುವುದು ಯಾವಾಗ ಕೇಳಿಸುತ್ತದೆ?

ಪತ್ರಿಕೆಯಲ್ಲಿ ಬರುವ ಒಂದು ಚೆಂದದ ಸುಳ್ಳಿನಿಂದ ಯಾರಿಗೆ ಏನು ನಷ್ಟ ಎಂದು ನಾನೂ ಅಂದುಕೊಳ್ಳುತ್ತಿದ್ದೆನೋ ಏನೋ. ಗುರುವಾರದವರೆಗೆ.

ಹಾಲು ತಂದವನು ಅಪರಾಧಿಯ ಹಾಗೆ ಬಗ್ಗಿ ಈಚೆ ಬಂದೆ. (ಬಗ್ಗಿದಾಗ ಸೊಂಟ ಕಟಕ್ಕೆಂದಿತು; ಅಭ್ಯಾಸ ತಪ್ಪಿ ಎಷ್ಟು ಕಾಲವಾಯಿತೋ.) ಹಾಸಿನ ಉದ್ದಕ್ಕೂ ನಿಂತು ಎಳೆ ಬಿಡಿಸುತ್ತಿದ್ದವರನ್ನು ಆಗ ನೋಡಿದೆ. ಮೊದಲಾದರೆ ಮನೆಗೊಬ್ಬರು ತಾವಾಗಿ ಬಂದು ಕೈ ಹಾಕುತ್ತಿದ್ದರು. ಈಗ ಬರುವವರಿಲ್ಲ; ಮನೆಗಳಲ್ಲಿ ಇರುವವರು ಹುಡುಗರು. ಹಾಗಾಗಿ ದೊಡ್ಡತಾಯಕ್ಕ ರೂಮು ರೂಮಿನ ಬಾಗಿಲು ಬಡಿದು ಹುಡುಗರನ್ನೇ ಎಬ್ಬಿಸಿ ತಂದಿದ್ದಳು. ಕೌದಳ್ಳಿಯವನೊಬ್ಬ ಕಣ್ಣು ಮುಚ್ಚಿಕೊಂಡೇ ಎಳೆ ಬಿಡಿಸುತ್ತಿದ್ದ.

“ಏ ಕೌದಳ್ಳಿ, ಅದು ರೇಸ್ಮೆ ಕಣ್ಲಾ, ನಿಮ್ಮೂರ ಎತ್ತಿನ ಹಗ್ಗ ಅಲ್ಲ. ಮೆತ್ಗೆ ಮುಟ್ಟು” ಎಂದಳು ದೊಡ್ಡತಾಯಕ್ಕ.

“ನಮ್ಮೂರ ಹಗ್ಗ ಹಿಂಗೆ ಪದೇ ಪದೇ ಹರಿಯಾಕಿಲ್ಲ ಕಣವ್ವ” ಎಂದ ಅವನು.

ನಕ್ಕರು ಎಲ್ಲರೂ. ಅವಳೂ ನಕ್ಕಳು. ನನಗೂ ಒಂದು ಮಾತು ಸೇರಿಸಬೇಕೆನಿಸಿತು. ಹಾಸು ಅಪರೂಪಕ್ಕೆ ಬೀದಿಗೆ ಬಂತಲ್ಲ, ಏನಕ್ಕ ಇಷ್ಟು ಅವಸರ, ಇನ್ನೂ ಸರಿಯಾಗಿ ಬೆಳಕೇ ಹರಿದಿಲ್ಲ ಎಂದೆ.

ನಗು ನಿಂತಿತು. ಅವಳು ಕುಂಚ ಎತ್ತದೆ ಹೇಳಿದಳು. ಯಾರ ಮೇಲೂ ದೂರಿಲ್ಲದ ದನಿಯಲ್ಲಿ, ಅಡಿಗೆ ಏನು ಎಂದು ಕೇಳಿದರೆ ಹೇಳುವ ಹಾಗೆ.

ಅವರಿರುವ ಮನೆ ಅವರದಲ್ಲ, ಯಳಂದೂರಿನ ನಂಜಪ್ಪನವರದು. ನಂಜಪ್ಪನವರ ತಂದೆ ಸಿದ್ದಪ್ಪಣ್ಣನ ತಂದೆಗೆ ಕೊಟ್ಟದ್ದು. ಕಾಗದ ಪತ್ರ ಏನಿಲ್ಲ. ಒಂದು ಮಾತು: ಮಗ್ಗ ನಡೆಯುವವರೆಗೆ ಮನೆ ನಿಮ್ಮದು, ಬಾಡಿಗೆ ಏರಿಸುವುದಿಲ್ಲ. ಆ ಮಾತು ಎರಡು ತಲೆಮಾರು ನಡೆದಿದೆ. ನಂಜಪ್ಪನವರು ಇತ್ತ ಬರುತ್ತಿದ್ದುದೇ ಕಡಿಮೆ. ಹಿಂದಿನ ವಾರ ಮಾತ್ರ ಬಂದರು. ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು ಓದಿದ್ದರಂತೆ. ಕೊನೆಯ ಮಗ್ಗವೂ ನಿಂತಿದೆ ಎಂದು ಓದಿ, ನೋಡಿಕೊಂಡು ಹೋಗೋಣವೆಂದು ಬಂದರಂತೆ.

ಬಂದು ನೋಡಿದರೆ ಮಗ್ಗ ನಿಜಕ್ಕೂ ನಿಂತಿತ್ತು.

ನಿಲ್ಲದೆ ಏನು ಮಾಡುತ್ತದೆ? ಒಂದು ಹಾಸು ಮುಗಿದು ಇನ್ನೊಂದು ಏರುವವರೆಗೆ ಯಾವ ಮಗ್ಗವಾದರೂ ನಿಲ್ಲುತ್ತದೆ. ರೇಷ್ಮೆ ಬರಬೇಕು, ಬಣ್ಣವಾಗಬೇಕು, ಹಾಸು ಹೂಡಬೇಕು. ನೆಲ ಉತ್ತು ಬಿತ್ತುವ ನಡುವೆ ಹೊಲ ಬರಿದಾಗಿರುವುದಿಲ್ಲವೇ? ಬರಿದಾದ ಹೊಲವನ್ನು ನೋಡಿ ಒಕ್ಕಲುತನ ಬಿಟ್ಟರು ಅನ್ನುತ್ತಾರೆಯೇ? ಆದರೆ ನಂಜಪ್ಪನವರ ಒಂದು ಕೈಯಲ್ಲಿ ಪತ್ರಿಕೆಯಿತ್ತು. ಎದುರಿಗೆ ಖಾಲಿ ಮಗ್ಗವಿತ್ತು. ಎರಡೂ ಒಂದನ್ನೇ ಹೇಳುತ್ತಿದ್ದವು. ಮಗ್ಗ ನಿಂತ ಮೇಲೆ ಮಾತೂ ಮುಗಿಯಿತು, ಬರುವ ಗುರುವಾರ ಗಾರೆಯವನನ್ನು ಕರೆತಂದು ಅಳತೆ ಹಾಕಿಸುತ್ತೇನೆ, ಹುಡುಗರಿಗೆ ರೂಮು ಮಾಡಿಸುತ್ತೇನೆ, ಹಬ್ಬ ಮುಗಿಸಿಕೊಂಡು ಬಿಡಿ ಎಂದು ಹೇಳಿ ಹೋಗಿದ್ದರು.

ಅದಕ್ಕೇ ಈ ಅವಸರ. ಅವರು ಬರುವಷ್ಟರಲ್ಲಿ ಹಾಸಾದರೂ ಕಣ್ಣಿಗೆ ಬೀಳಲಿ ಎಂದು.

ನನಗೆ ಹೇಳಬಾರದಿತ್ತೇ ಅಕ್ಕ ಎಂದು ಕೇಳಿದೆ. ಕೇಳಿದ ಮೇಲೆ ನನ್ನ ಪ್ರಶ್ನೆ ನನಗೇ ಕೇಳಿಸಿತು. ಏನೆಂದು ಹೇಳಬೇಕಿತ್ತು ಅವಳು? ನಾವು ಇನ್ನೂ ಇದ್ದೇವೆ ಎಂದೇ?

ಅಷ್ಟರಲ್ಲಿ ಸಿದ್ದಪ್ಪಣ್ಣ ಆ ತುದಿಯಿಂದ ಎಳೆ ನೋಡಿಕೊಂಡು ಬಂದ. ಮೆಲುದನಿಯ ಮನುಷ್ಯ. ಮಗ್ಗದ ಮುಂದೆ ಕೂತು ಕೂತು ಬೆನ್ನು ಸ್ವಲ್ಪ ಬಾಗಿದೆ. ನನ್ನನ್ನು ನೋಡಿ ನಕ್ಕ, ಎಂದಿನ ನಗುವೇ. ಸೊಂಟದಿಂದ ಮಡಿಸಿದ ಪತ್ರಿಕೆಯ ಹಾಳೆ ತೆಗೆದು ಮಾದೇಶನಿಗೆ ಕೊಟ್ಟ. ನಂಜಪ್ಪನವರು ಬಿಟ್ಟು ಹೋದದ್ದಂತೆ. ಸಿದ್ದಪ್ಪಣ್ಣನಿಗೆ ಓದು ಬಾರದು. ಇಷ್ಟು ದಿನ ಯಾರ ಹತ್ತಿರವೂ ಓದಿಸಿರಲಿಲ್ಲ.

“ಓದ್ಲಾ ಮಾದೇಸ. ಎಲ್ರಿಗೂ ಕೇಳಂಗೆ ಓದು. ನಮ್ ತಮ್ಮಯ್ಯ ಏನು ಬರ್ದವ್ನೆ ಕೇಳಾನ. ಬರ್ದೋನೂ ಇಲ್ಲೆ ಅವ್ನೆ, ತಪ್ಪಾದ್ರೆ ತಿದ್ತಾನೆ.”

ಕುಹಕವಲ್ಲ. ಅವನಿಗೆ ಕುಹಕ ಬರುವುದಿಲ್ಲ. ನಿಜವಾಗಿಯೂ ಕೇಳಬೇಕೆಂದೇ ಕೇಳಿದ. ಅದೇ ತಾಪತ್ರಯ.

ಮಾದೇಶ ಓದಿದ. ಹೈಸ್ಕೂಲಿನಲ್ಲಿ ಪದ್ಯ ಒಪ್ಪಿಸುವ ರಾಗದಲ್ಲಿ, ಪ್ರತಿ ಸಾಲಿನ ಕೊನೆಯನ್ನು ಎಳೆದು ಓದಿದ. ನಾನು ಹಾಲಿನ ಚೊಂಬು ಹಿಡಿದು ನಿಂತಿದ್ದೆ. ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ನನ್ನದೇ ಮಾತುಗಳು ಬೀದಿಯ ನಡುವೆ ಒಂದೊಂದಾಗಿ ಬಿದ್ದವು. ರೂಮುಗಳ ಬಗ್ಗೆ ನಾನು ಮಾಡಿದ ತಮಾಷೆಗೆ ಹುಡುಗರು ನಕ್ಕರು. ಹೋಟೆಲಿನ ಸಾಂಬಾರಿನ ಬಗ್ಗೆ ಬರೆದದ್ದಕ್ಕೆ ಇನ್ನೂ ಜೋರಾಗಿ ನಕ್ಕರು. ಆಮೇಲೆ ಆ ಸಾಲು ಬಂತು. ಲಾಳಿಯ ಸದ್ದು ಅಡಗಿದ ಬೀದಿಯಲ್ಲಿ.

ಯಾರೂ ನಗಲಿಲ್ಲ. ನಗುವ ಸಾಲೂ ಅಲ್ಲವಲ್ಲ. ಗಂಜಿ ಹಚ್ಚಿದ ಹಾಸು ಅವರೆಲ್ಲರ ಕೈಯ ಕೆಳಗೇ ಇತ್ತು; ಹಸಿ ಹಸಿ, ಬಾಳೆಯ ಸುಳಿಯ ಬಣ್ಣದ್ದು. ಮಾದೇಶ ಓದುವುದನ್ನು ನಿಲ್ಲಿಸಿ ಹಾಳೆಯನ್ನು ನೋಡಿದ, ಹಾಸನ್ನು ನೋಡಿದ. ಮತ್ತೆ ಹಾಳೆಯನ್ನು.

“ಸಾ, ಇಲ್ಲೇನೋ ತಪ್ಪಾಗದೆ” ಎಂದ. ಅಚ್ಚಿನ ತಪ್ಪಿರಬೇಕೆಂದು ತಿಳಿದುಕೊಂಡಿದ್ದ, ಪಾಪ.

ಸಿದ್ದಪ್ಪಣ್ಣ ಅಂಟಿಕೊಂಡಿದ್ದ ಒಂದು ಎಳೆ ಬಿಡಿಸಿದ. ಆಮೇಲೆ ಕೇಳಿದ:

“ಅಲ್ಲ ತಮ್ಮಯ್ಯ, ನಾನು ದಿನಾ ಬಡೀತೀನಲ್ಲ, ನಿಂಗೆ ಕೇಳಾಕಿಲ್ವಾ?”

ಏನು ಹೇಳಲಿ? ಕೇಳುತ್ತದೆ ಎಂದರೆ ಗೊತ್ತಿದ್ದೂ ಬರೆದೆ ಎಂದಾಯಿತು. ಕೇಳುವುದಿಲ್ಲ ಎಂದರೆ ಅದಕ್ಕಿಂತ ಕಷ್ಟ. ಇಪ್ಪತ್ತು ಮೂವತ್ತು ಕಣ್ಣುಗಳು. (ಕೌದಳ್ಳಿಯವನೂ ಎಚ್ಚರವಾಗಿದ್ದ.) ಚೊಂಬಿನ ಹಾಲನ್ನು ನೋಡುತ್ತ, ಬರೆಯುವ ಭರದಲ್ಲಿ ಆಗಿಹೋಯಿತು ಅಣ್ಣ ಎಂದೆ. ಅವನು, ಆಗ್ತದೆ ಬಿಡು, ನಾನೂ ಗ್ಯಾನ ತಪ್ಪಿ ಎಳೆ ಬಿಟ್ಟಿರ್ತೀನಿ ಎಂದ. ಸಮಾಧಾನ ಹೇಳಿದ! ನನಗೆ!

ನಂಜಪ್ಪನವರು ಬರಲಿ, ನಾನೇ ಮಾತಾಡುತ್ತೇನೆ ಎಂದೆ. ಕಛೇರಿಗೆ ಒಂದು ದಿನದ ರಜ ಹೇಳಿ ಕಳಿಸಿದೆ. ಅಷ್ಟು ಧೈರ್ಯ ಎಲ್ಲಿಂದ ಬಂತೆಂದರೆ, ನಾನು ಬರೆದದ್ದು ತಪ್ಪೆಂದು ನಾನೇ ಹೇಳಿಬಿಟ್ಟರೆ ಮುಗಿಯಿತು ಎಂಬ ನಂಬಿಕೆ. ಬರೆಯುವವರಿಗೆ ಈ ಭ್ರಮೆ ಇರುತ್ತದೆ.

ನಂಜಪ್ಪನವರು ಯಳಂದೂರಿನ ಬಸ್ಸಿಳಿದು ಬರುವಷ್ಟರಲ್ಲಿ ಬಿಸಿಲೇರಿತ್ತು. ಹಾಸು ಒಣಗಿ, ಸುತ್ತಿಕೊಂಡು ಮನೆಯೊಳಗೆ ಹೋಗಿತ್ತು. ಸಿದ್ದಪ್ಪಣ್ಣ ಹಳೆಯ ಹಾಸಿನ ಉಳಿದ ತುದಿಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಲು ಕೂತಿದ್ದ. ಸಾವಿರಾರು ಎಳೆ, ಅದು ಮುಗಿಯದೆ ಲಾಳಿ ಆಡುವುದಿಲ್ಲ. ಅಂದರೆ ಮಗ್ಗ ಅಂದೂ ನಿಂತೇ ಇತ್ತು.

ನಂಜಪ್ಪನವರನ್ನು ರಾಕ್ಷಸರೆಂದು ಎಣಿಸಬೇಡಿ. ಮಡಿಸಿದ ಕೊಡೆ, ಬಿಳಿ ಅಂಗಿ, ಮೆಲು ಮಾತು. ಆ ಮನೆಯ ಹೆಂಚು ಕೈಯಾಡಿಸಲೂ ಹಳೆಯ ಬಾಡಿಗೆ ಸಾಲದು ಎನ್ನುವುದೂ ಸುಳ್ಳಲ್ಲ. ಜೊತೆಯಲ್ಲಿ ಹಗ್ಗ, ಗಜಕೋಲು ಹಿಡಿದ ಗಾರೆಯವನು. ನಾನು ಜಗುಲಿಯಿಂದಿಳಿದು ಕೈ ಮುಗಿದು, ಆ ಲೇಖನ ಬರೆದವನು ನಾನೇ ಎಂದೆ. ಅವರ ಮುಖ ಅರಳಿತು. ಬಹಳ ಸೊಗಸಾಗಿದೆ, ನಮ್ಮ ಮನೆಯಲ್ಲೂ ಎಲ್ಲರೂ ಓದಿದರು ಎಂದರು. ಆ ಸಾಲನ್ನು ಬಾಯಿಪಾಠ ಹೇಳಿದರು ಕೂಡ. ಅಡಗಿದ, ಎದ್ದಿದೆ.

ಅದು ತಪ್ಪು ಎಂದೆ. ಸಿದ್ದಪ್ಪಣ್ಣನ ಮಗ್ಗ ನಡೆಯುತ್ತಿದೆ, ಈಗ ಹಾಸು ಬದಲಾಗುವ ಹೊತ್ತು, ಅಷ್ಟೇ ಎಂದೆ.

ಅವರು ಕೊಡೆಯನ್ನು ನೆಲಕ್ಕೂರಿ ಸ್ವಲ್ಪ ಯೋಚಿಸಿದರು.

“ನೋಡಿ, ನಮ್ಮಪ್ಪ ಕೊಟ್ಟ ಮಾತು ಮುರಿಯೋನಲ್ಲ ನಾನು. ಮಗ್ಗ ನಡೆದ್ರೆ ಮನೆ ಅವರದೇ. ಆದ್ರೆ ನಿಂತದೆ ಅಂತ ಅಚ್ಚು ಹಾಕ್ಸಿದೋರು ನೀವು. ಈಗ ನಿಂತಿಲ್ಲ ಅನ್ನೋರೂ ನೀವು. ಪಕ್ಕದ ಮನೇಲಿದ್ದೀರಿ, ಮೋರೆ ನೋಡಿ ಮಾತಾಡ್ತಿದ್ದೀರಿ. ನಾನು ಯಾವುದನ್ನ ನಂಬ್ಲಿ?”

ನನ್ನನ್ನು ನಂಬಿ ಎಂದೆ. ಎಷ್ಟು ಪೇಲವವಾದ ಮಾತು. ಅದಷ್ಟಕ್ಕೇ ಬಿಟ್ಟಿದ್ದರೂ ಆಗಿತ್ತು. ಬೀದಿ ನೇಕಾರರದು, ಎಲ್ಲವನ್ನೂ ರೂಮು ಮಾಡಿಬಿಟ್ಟರೆ ಏನು ಉಳಿಯುತ್ತದೆ, ನಿಮ್ಮಂಥ ಹಿರಿಯರು ಯೋಚಿಸಬೇಕು ಎಂದು ಉಪದೇಶಕ್ಕಿಳಿದೆ.

ಅವರು ಕೋಪಿಸಿಕೊಳ್ಳಲಿಲ್ಲ.

“ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ನೀವೂ ನೇಕಾರರೇ ಅಲ್ವಾ? ನಿಮ್ಮ ಮಗ್ಗ ಎಲ್ಲಿ?”

ನಮ್ಮ ಪಡಸಾಲೆಯ ಬಾಗಿಲಲ್ಲಿ ಮಾದೇಶ ಊಟದ ತಟ್ಟೆ ತೊಳೆಯುತ್ತ ಕೂತಿದ್ದ. ಅವನಿಗೆ ಅನ್ನಿಸಿತು, ನನಗೆ ಮರೆತಿದೆ, ನೆನಪಿಸಬೇಕು ಎಂದು. ಹುಡುಗನ ಒಳ್ಳೆಯತನ.

“ನಮ್ ಚಾಪೆ ಕೆಳ್ಗದೆ ಸಾ” ಎಂದ. “ಅದ್ರ ಮರ ನಾವು ಟ್ರಂಕು ಮಡಗಿರಾ ಅಲ್ಗೆ.”

ಗಾರೆಯವನು ಆ ಕಡೆ ತಿರುಗಿ ಕೆಮ್ಮಿದ. ನಂಜಪ್ಪನವರು ನಗಲಿಲ್ಲ, ಸಭ್ಯರು. ನನಗೆ ಮಾತ್ರ ನಮ್ಮಜ್ಜಿಯ ಕೈ ತಲೆಯ ಮೇಲೆ ಒತ್ತಿದ ಹಾಗಾಯಿತು. ಇನ್ನೂ ಬಗ್ಗು.

ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನಮ್ಮ ತಾತ ಕೂತಿದ್ದ, ನಮ್ಮಪ್ಪ ಕೂತಿದ್ದ. ನಾನು ಕಛೇರಿಯ ಕುರ್ಚಿ ಹಿಡಿದೆ. ಅದರಲ್ಲಿ ತಪ್ಪಿಲ್ಲ, ಎಲ್ಲರೂ ನೇಯಲೇಬೇಕೆಂದು ಯಾರೂ ಹೇಳಿಲ್ಲ. ಗುಂಡಿ ಮುಚ್ಚಿಸಿದ್ದೂ ಇರಲಿ. ಮಾದೇಶ ಎಲ್ಲಿ ಮಲಗಬೇಕಿತ್ತು? ಆದರೆ ನನ್ನದನ್ನು ಮುಚ್ಚಿದ ಮೇಲೆ ಬೀದಿಯದೆಲ್ಲ ಮುಚ್ಚಿದೆ ಎಂದು ಬರೆದೆನಲ್ಲ, ಅದು ಬರೆಯುವ ಭರವೇ? ಅಥವಾ ಇನ್ನೊಂದು ನಡೆಯುತ್ತಲೇ ಇದೆ ಎನ್ನುವುದು ನನಗೆ ಬೇಡವಾಗಿತ್ತೇ? ಕೊನೆಯದೂ ನಿಂತರೆ ಮೊದಲು ನಿಲ್ಲಿಸಿದವನನ್ನು ಯಾರು ಕೇಳುತ್ತಾರೆ?

ಗೊತ್ತಿಲ್ಲ. ಗೊತ್ತಿದ್ದರೂ ಇಲ್ಲಿ ಬರೆಯುವಷ್ಟು ಧೈರ್ಯವಿಲ್ಲ.

ನಂಜಪ್ಪನವರೇ ದಾರಿ ತೋರಿಸಿದರು. ಅಚ್ಚಿನಲ್ಲಿ ಹೇಳಿದ್ದನ್ನು ಅಚ್ಚಿನಲ್ಲೇ ಇಲ್ಲವೆನ್ನಿ, ಮಾತಿಗೆ ಹೆದರಿ ಒಬ್ಬರ ಮುಂದೆ ಒಂದು ಇನ್ನೊಬ್ಬರ ಮುಂದೆ ಇನ್ನೊಂದು ಹೇಳುವವರು ಅದನ್ನು ಮಾಡಲಾರರು ಎಂದರು. ಮುಂದಿನ ಸಂಚಿಕೆ ನೋಡುತ್ತೇನೆ, ಇದ್ದರೆ ಗಾರೆಯವನನ್ನು ಬೇರೆ ಕಡೆ ಕಳಿಸುತ್ತೇನೆ, ಇಲ್ಲದಿದ್ದರೆ ಅವನು ಸಂಚಿಕೆ ಬಂದ ಮೇಲಿನ ಸೋಮವಾರ ಗುದ್ದಲಿ ತರುತ್ತಾನೆ ಎಂದರು. ಸಿದ್ದಪ್ಪಣ್ಣ ಎಳೆ ಹೊಸೆಯುವುದನ್ನು ಬಿಟ್ಟು ಏಳಲಿಲ್ಲ. ಎದ್ದರೆ ಎಳೆ ಸಿಕ್ಕಾಗುತ್ತದೆ. ಕೂತಲ್ಲಿಂದಲೇ, ಮಜ್ಜಿಗೆ ಕುಡಿದು ಹೋಗಿ ಬುದ್ಧಿ, ಬಿಸಿಲದೆ ಎಂದ. ಅವರು ಕುಡಿದರು. ಗಾರೆಯವನೂ ಕುಡಿದ.

ಮಧ್ಯಾಹ್ನ ಈ ಅಂಕಣ ಬರೆಯಲು ಕೂತೆ. ಮೊದಲ ಸಾಲು ಅದ್ಭುತವಾಗಿ ಬಂತು: ನೂಲು, ಬಾಳು, ಎಳೆ, ಕಾಲ ಎಲ್ಲ ಇತ್ತು ಅದರಲ್ಲಿ. ಹೆಂಡತಿ ಕಾಫಿ ತಂದವಳು ಭುಜದ ಮೇಲಿಂದ ಇಣುಕಿ ಓದಿದಳು. ಅವಳಿಗೆ ದೊಡ್ಡತಾಯಕ್ಕ ಎಂದರೆ ತಾಯಿಯ ಸಮ. ನಮ್ಮ ಮಕ್ಕಳ ಬಾಣಂತನ ಮಾಡಿದವಳು.

“ಚೆಂದ ಮಾಡಾಕೋಗ್ಬೇಡಿ. ಈ ಸಲವಾದ್ರೂ” ಎಂದಳು.

ಹರಿದು ಹಾಕಿದೆ. ಇದು ಅದರ ನಂತರ ಬರೆದದ್ದು. ಚೆಂದವಾಗಿ ಕಂಡರೆ ಆ ಭಾಗವನ್ನು ನಂಬಬೇಡಿ.

ಇನ್ನು ಹೇಳಬೇಕಾದದ್ದು ಸ್ವಲ್ಪವೇ. ಶುಕ್ರವಾರವಿಡೀ ಗೋಡೆಯಾಚೆ ನಿಶ್ಶಬ್ದ. ಅಷ್ಟು ನಿಶ್ಶಬ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾದೇಶ ಜೋರಾಗಿ ಚರಿತ್ರೆ ಓದುತ್ತಿದ್ದ. ಎಲ್ಲ ರಾಜರೂ ಸತ್ತರು, ಪಕ್ಕದ ಮನೆಯಿಂದ ಒಂದು ಸದ್ದಿಲ್ಲ. ಶನಿವಾರ ಹುಡುಗರು ಊರಿಗೆ ಹೊರಟರು. ಮಾದೇಶ ಹೋಗುವಾಗ, ನಾವು ರೂಮು ಬಿಟ್ಟರೆ ಸರಿಹೋಗುತ್ತದೆಯೇ ಸಾ ಎಂದು ಕೇಳಿದ. ಪರೀಕ್ಷೆ ಮುಂದಿರುವ ಹುಡುಗ! ಬೇಡಪ್ಪ, ನೀನು ಬಿಟ್ಟರೆ ಮುಚ್ಚಿದ ಗುಂಡಿ ತೆರೆದುಕೊಳ್ಳುತ್ತದೆಯೇ ಎಂದೆ. ಪಾಸಾಗುವವರೆಗೆ ಅಲ್ಲೇ ಮಲಗು, ಆದರೆ ಮಲಗಿರುವುದು ಯಾವುದರ ಮೇಲೆ ಎನ್ನುವುದು ಗೊತ್ತಿರಲಿ ಎಂದೆ. ಗೊತ್ತು ಸಾ, ಬೆನ್ನಿಗೆ ಒತ್ತುತ್ತದೆ, ಗಾರೆ ಸರಿಯಾಗಿ ಕೂತಿಲ್ಲ ಎಂದ.

ಭಾನುವಾರ ಬೆಳಿಗ್ಗೆ, ನಾನು ಈ ಹಾಳೆಗಳನ್ನು ಮುಗಿಸಲು ಕೂತಾಗ, ಮಸಿಕುಡಿಕೆಯ ಮುಚ್ಚಳ ಟಿಣ್ ಎಂದಿತು. ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ. ಆಮೇಲೆ ತಡೆಯಲಿಲ್ಲ.

ಆದ್ದರಿಂದ ಯಳಂದೂರಿನ ನಂಜಪ್ಪನವರಲ್ಲಿ, ಈ ಅಂಕಣದ ಎಲ್ಲ ಓದುಗರ ಎದುರಿನಲ್ಲಿ ಅರಿಕೆ: ನಮ್ಮ ಬೀದಿಯ ಕೊನೆಯ ಮಗ್ಗ ನಿಂತಿಲ್ಲ, ಈ ಸಾಲು ಬರೆಯುವಾಗಲೂ ನಿಮ್ಮ ಮನೆಯಲ್ಲಿ ನಡೆಯುತ್ತಿದೆ, ನಿಂತದ್ದು ನನ್ನದು.